ಹೋಳಿಯ ನೀರು ಆಡೋಕಲ್ಲ, ತೊಳೆಯೋಕೆ ಹೋಗುತ್ತದೆ

ಹೋದ ವರ್ಷ ಬಣ್ಣದ ಹಬ್ಬದ ದಿನ ಮಧ್ಯಾಹ್ನ ನಮ್ಮ ಅಣ್ಣನ ಮಗ ಮನೆಗೆ ಬಂದ. ಬಂದವನು ಅವನೇ ಅಂತ ಗೊತ್ತಾಗಿದ್ದು ಚಪ್ಪಲಿ ನೋಡಿ. ಮುಖ, ಕುತ್ತಿಗೆ, ಕೂದಲು ಎಲ್ಲ ಬೆಳ್ಳಗೆ ಮಿಂಚುತ್ತಿತ್ತು. ಗೇಟಿಗೆ, ಕಿಟಕಿಯ ಸರಳಿಗೆ ಬಳಿಯುತ್ತೇವಲ್ಲ, ಆ ಸಿಲ್ವರ್ ಪೇಂಟು.

ಹಿತ್ತಲಲ್ಲಿ ಕೂರಿಸಿ ತೊಳೆಯೋಕೆ ಶುರು ಮಾಡಿದೆ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಕಡಲೆ ಹಿಟ್ಟು, ಆಮೇಲೆ ಮೈ ಸೋಪು, ಕೊನೆಗೆ ಬಟ್ಟೆ ಸೋಪು. 'ಅತ್ತಿ, ಉರಿಲಕತ್ತದ, ಬಿಡು' ಅಂತ ಅವನು ಅಳ್ತಾ ಇದ್ದ. ನನಗೆ ಬೈಯಲೋ ಸಮಾಧಾನ ಮಾಡಲೋ ತಿಳಿಯಲಿಲ್ಲ. ಎರಡೂ ಮಾಡಿದೆ. ಒಟ್ಟು 9 ಬಕೆಟ್ ನೀರು. ನಮ್ಮ ಬಕೆಟ್ 18 ಲೀಟರಿನದು, ಲೆಕ್ಕ ನೀವೇ ಹಾಕಿ. ಅಷ್ಟಾದರೂ ಕಿವಿ ಹಿಂದಿನ ಬೆಳ್ಳಿ ಬಣ್ಣ ಶರಣಬಸವೇಶ್ವರರ ಜಾತ್ರೆ ಮುಗಿಯುವವರೆಗೂ ಇತ್ತು. ಅಂಗಿ ಎಸೆದೆವು. ಹಿತ್ತಲಿನ ಶಹಾಬಾದ್ ಫರ್ಸಿ ಕಲ್ಲಿನ ಮೇಲೆ ಒಂದು ಬಿಳಿ ಕಲೆ ಇವತ್ತಿಗೂ ಇದೆ.

ಅದೇ ದಿನ ನಮ್ಮ ಓಣಿಯ ಸಣ್ಣ ಮಕ್ಕಳು, ಒಂದು ಎಂಟು ಹತ್ತು ಜನ, ಬೆಳಿಗ್ಗೆಯಿಂದ ಪಿಚಕಾರಿ ಹಿಡಿದು ಆಡಿದ್ದರು. ಅವರೆಲ್ಲ ಸೇರಿ ಖರ್ಚು ಮಾಡಿದ್ದು 3 ಬಕೆಟ್. ಬೈಸಿಕೊಂಡವರು ಮಾತ್ರ ಅವರೇ! 'ಕುಡಿಯೋಕೆ ನೀರಿಲ್ಲ, ನಿಮಗೆ ಆಟ' ಅಂತ ಹೋಗುವವರು ಬರುವವರೆಲ್ಲ ಹೇಳಿ ಹೋದರು.

ಈ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ಪ್ರತಿ ವರ್ಷ ಹುಣ್ಣಿಮೆ ಹತ್ತಿರ ಬಂದಾಗ ಮೊಬೈಲಿಗೆ ಮೆಸೇಜ್ ಬರುತ್ತವೆ. ನೀರು ಉಳಿಸಿ, ಒಣ ಹೋಳಿ ಆಡಿ. ಒಳ್ಳೆಯ ಮಾತೇ. ಆದರೆ ಒಣ ಬಣ್ಣ ಹಚ್ಚಿಕೊಂಡವರು ಆಮೇಲೆ ಗಾಳಿಯಲ್ಲಿ ಸ್ನಾನ ಮಾಡ್ತಾರಾ? ಅಂಟಿಕೊಳ್ಳುವ ಗುಲಾಬಿ ಪುಡಿ ಬೆವರಿಗೆ ಸೇರಿದರೆ ನಾಲ್ಕು ಬಕೆಟ್ ಬೇಕೇ ಬೇಕು. ಹಬ್ಬದ ನೀರು ಓಣಿಯಲ್ಲಿ ಖರ್ಚಾಗಲ್ಲ, ಬಚ್ಚಲಲ್ಲಿ ಖರ್ಚಾಗುತ್ತದೆ. ಬಚ್ಚಲು ತೊಳೆಯುವ ನಮ್ಮಂಥ ಹೆಂಗಸರನ್ನು ಕೇಳಿದ್ದರೆ ಯಾವಾಗಲೋ ಹೇಳುತ್ತಿದ್ದೆವು. ಹಾಗಾಗಿ ನಾನು ಬಣ್ಣ ಕೊಳ್ಳುವಾಗ ಕೇಳುವುದು ಒಂದೇ ಮಾತು: ಇದು ಹೋಗೋಕೆ ಎಷ್ಟು ತಂಬಿಗೆ ನೀರು ಬೇಕು?

ಕಲಬುರಗಿಯ ಬೇಸಿಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಭೀಮಾ, ಬೆಣ್ಣೆತೊರಾ ಎರಡೂ ಕಡೆಯಿಂದ ಊರಿಗೆ ನೀರು ಬರುತ್ತದೆ. ಆದರೂ ನಮ್ಮ ಓಣಿಗೆ ಮಾರ್ಚ್ ಬಂತು ಅಂದರೆ ನಳ ಐದಾರು ದಿನಕ್ಕೊಮ್ಮೆ. ಬಂದ ದಿನ ಹಬ್ಬ, ಬರದ ದಿನ ಟ್ಯಾಂಕರ್‌ಗೆ ಫೋನು.

ಸರಿ, ಬಣ್ಣದ ವಿಷಯ. 2024ರ ಮಾರ್ಚ್ ನೆನಪಿದೆಯಾ? ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ರಾಜ್ಯ ಸರ್ಕಾರ ನಿಷೇಧ ಮಾಡಿತು. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ್ದ ಗುಲಾಬಿ ಬಣ್ಣದ ಹೆಸರು ರೋಡಮಿನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ. ಎಲ್ಲರೂ ಹೌಹಾರಿದೆವು, ಮಕ್ಕಳ ಕೈಯಿಂದ ಕ್ಯಾಂಡಿ ಕಿತ್ತುಕೊಂಡೆವು. ಅದಾಗಿ ಎರಡೇ ವಾರಕ್ಕೆ, ಮಾರ್ಚ್ 25ಕ್ಕೆ ಹೋಳಿ ಬಂತು. ಅಗ್ಗದ ಗುಲಾಬಿ ಪುಡಿಗೆ ಹಾಕುವ ಬಣ್ಣಗಳಲ್ಲಿ ಆ ರೋಡಮಿನ್-ಬಿಯೂ ಒಂದು. ಹಸಿರಿಗೆ ಮ್ಯಾಲಕೈಟ್ ಗ್ರೀನ್ ಹಾಕುತ್ತಾರೆ, ಅದೂ ಬಟ್ಟೆ ಬಣ್ಣವೇ. ತಟ್ಟೆಗೆ ಬೇಡ ಅಂದದ್ದನ್ನು ನಾವೇ ದುಡ್ಡು ಕೊಟ್ಟು ತಂದು ಮಕ್ಕಳ ಕೆನ್ನೆಗೆ, ತುಟಿಗೆ ಹಚ್ಚಿದೆವು. ಬಚ್ಚಲಿನ ನೀರು ಚರಂಡಿ ಸೇರಿ ಎಲ್ಲಿಗೆ ಹೋಯಿತೋ, ಅಲ್ಲಿನ ದನ ಏನು ಕುಡಿದವೋ, ಯಾರು ನೋಡಿದರು?

ಸೂಪರ್ ಮಾರ್ಕೆಟ್ ಕಡೆ ಈಗ 'ಹರ್ಬಲ್' ಅಂತ ಬರೆದ ಪಾಕೆಟ್‌ಗಳೂ ಸಿಗುತ್ತವೆ. ಒಳಗೆ ಏನೇನಿದೆ ಅಂತ ಬರೆದಿದ್ದರೆ ನೋಡಿ ತಗೊಳ್ಳಿ. ಬರೀ ಎಲೆಯ ಚಿತ್ರ ಇದ್ದರೆ ನನಗಂತೂ ನಂಬಿಕೆ ಬರಲ್ಲ.

ನಮ್ಮ ಮುತ್ಯಾನ ಊರಲ್ಲಿ ಮುತ್ತಲ ಹೂವಿನ ಬಣ್ಣ ಮಾಡುತ್ತಿದ್ದರು. ಕೆಲವು ಕಡೆ ಮುತ್ತುಗ ಅಂತಾರೆ. ಪತ್ರಾವಳಿ ಹಚ್ಚುವ ಎಲೆ ಇದೇ ಗಿಡದ್ದು. ಹೋಳಿ ಹೊತ್ತಿಗೆ ಗಿಡದಲ್ಲಿ ಎಲೆ ಇರಲ್ಲ, ಬರೀ ಹೂ. ಚಿಂಚೋಳಿ ಕಡೆ ಹೋದವರು ನೋಡಿರುತ್ತೀರಿ, ದೂರದಿಂದ ಬೆಂಕಿ ಹತ್ತಿದ ಹಾಗೆ ಕಾಣುತ್ತದೆ. ಹೂ ಹಿಂದಿನ ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಒಂದು ಕುದಿ ಕುದಿಸಿ ಸೋಸಿದರೆ ಒಳ್ಳೆ ಕೇಸರಿ ಬಣ್ಣ. ಚಿಟಿಕೆ ಸುಣ್ಣ ಹಾಕಿದರೆ ಇನ್ನೂ ಗಾಢವಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುತ್ತೇವಲ್ಲ, ಹಾಗೆ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ. ಮಕ್ಕಳು ಮುಖಕ್ಕೇ ಎರಚುವುದು. ನಾನು ಸುಣ್ಣ ಹಾಕಲ್ಲ.

ಮೈಗೆ ಬಿದ್ದದ್ದು ಒಂದೆರಡು ತಂಬಿಗೆ ನೀರಿಗೆ ಹೋಗುತ್ತದೆ. ಬಿಳಿ ಅಂಗಿಗೆ ಸ್ವಲ್ಪ ಹಳದಿ ಉಳಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಎಲ್ಲರೂ ಮುತ್ತಲ ಹೂವಿಗೇ ಬೀಳಿ ಅಂತ ನಾನು ಹೇಳುತ್ತಿಲ್ಲ. ಇಡೀ ಕಲಬುರಗಿ ಚೀಲ ಹಿಡಿದು ಹೊರಟರೆ ಗಿಡದ ಗತಿ ಏನು? ಆ ಬಿರುಬಿಸಿಲಲ್ಲಿ ಗೊರವಂಕ, ಸೂರಕ್ಕಿಗಳಿಗೆ ಆ ಹೂವಿನ ಮಕರಂದವೇ ಊಟ. ಚಿಂಚೋಳಿಯ ಕಾಡು ವನ್ಯಜೀವಿ ಧಾಮ, ಅಲ್ಲಿಗೆ ಕೈ ಹಾಕುವ ಹಾಗೇ ಇಲ್ಲ. ಹೊಲದ ಬದುವಿನಲ್ಲಿ ಉದುರಿ ಬಿದ್ದದ್ದು ಆರಿಸಿಕೊಂಡರೆ ಸಾಕು. ಓಣಿಗೆ ಒಂದು ಹಂಡೆ. ಉಳಿದದ್ದಕ್ಕೆ ಅರಿಶಿನ, ಕಡಲೆ ಹಿಟ್ಟು, ಬೀಟ್‌ರೂಟ್ ಇದ್ದೇ ಇದೆ.

ಇನ್ನು ಕಾಮನ ಬೆಂಕಿ. ನಾವು ಸಣ್ಣವರಿದ್ದಾಗ ಹುಡುಗರು ಮನೆ ಮನೆಯ ಕುಳ್ಳು (ಬೆರಣಿ), ಕಟ್ಟಿಗೆ ಕದ್ದು ತರುತ್ತಿದ್ದರು. ಹಲಗೆ ಬಡಿದು, ಲಬೋ ಲಬೋ ಹೊಯ್ಕೊಂಡು ಸುಡುತ್ತಿದ್ದರು. ಆ ಕೆಂಡದಲ್ಲಿ ಹಸಿ ಕಡಲೆ ಸುಟ್ಟು ತಿಂದ ರುಚಿ ಮರೆತಿಲ್ಲ. ಈಗ ಎಷ್ಟೋ ಕಡೆ ಕಾಮನ ಹೊಟ್ಟೆಯಲ್ಲಿ ಹಳೆ ಟೈರು, ಪ್ಲಾಸ್ಟಿಕ್ ಚೀಲ, ಮುರಿದ ಕುರ್ಚಿ. ಆ ಹೊಗೆಯಲ್ಲಿ ಕಡಲೆ ಸುಟ್ಟು ತಿನ್ನೋಕಾಗುತ್ತಾ? ಹಸಿ ಬೇವಿನ ಕೊಂಬೆ ಕಡಿದು ಹಾಕುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಮುಂದೆ ಎರಡು ತಿಂಗಳು ನೆರಳು ಕೊಡುವುದು ಅದೊಂದೇ.

ನಮ್ಮ ಸೀಮೆಯಲ್ಲಿ ಸುಡೋಕೆ ತೊಗರಿ ಕಟ್ಟಿಗೆ ಇಲ್ಲವೇ? ರಾಶಿ ಮುಗಿದ ಮೇಲೆ ಹೊಲದಲ್ಲಿ ಒಟ್ಟಿರುತ್ತಾರೆ. 2019ರಲ್ಲಿ ಕಲಬುರಗಿ ತೊಗರಿ ಬ್ಯಾಳಿಗೆ ಈ ಸೀಮೆಯದೇ ಅನ್ನುವ ಗುರುತು, ಜಿಐ ಟ್ಯಾಗ್ ಸಿಕ್ಕಿತು, ಪಾಪ ಕಟ್ಟಿಗೆಯನ್ನು ಯಾರೂ ಕೇಳಲಿಲ್ಲ. ಒಂದು ಹೊರೆ ತಂದು ಮೇಲೆ ನಾಲ್ಕು ಕುಳ್ಳು ಇಟ್ಟರೆ ಆಳೆತ್ತರ ಉರಿ ಬರುತ್ತದೆ, ಬೇಗ ಆರುತ್ತದೆ. ಓಣಿಗೊಂದು ಕಾಮನ ಬದಲು ಮೂರು ಓಣಿ ಸೇರಿ ಒಂದು ಸುಟ್ಟರೆ ಇನ್ನೂ ಚೆನ್ನ. ಇದಕ್ಕೆ ಗಂಡಸರು ಒಪ್ಪುವುದು ಕಷ್ಟ. ನಮ್ಮ ಕಾಮ ದೊಡ್ಡದು, ನಿಮ್ಮ ಕಾಮ ಸಣ್ಣದು ಅನ್ನುವ ಜಗಳ ಇದೆಯಲ್ಲ!

ಹಬ್ಬ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ದಾಸೋಹದ ಶರಣರು ಅವರು. ಹಳ್ಳಿಗಳಿಂದ ಜನ ಬಿಸಿಲಲ್ಲಿ ನಡೆದು ಬರುತ್ತಾರೆ. ನಮ್ಮ ಅವ್ವ ಬಾಗಿಲ ಮುಂದೆ ಮಣ್ಣಿನ ಹರವಿಯಲ್ಲಿ ನೀರಿಟ್ಟು, ಪಕ್ಕದಲ್ಲಿ ಬೆಲ್ಲ ಇಡುತ್ತಾಳೆ. ಹೋದ ವರ್ಷ ಆ ವಾರ ನಳ ಬರಲಿಲ್ಲ. ಹರವಿ ತುಂಬಿಸೋಕೆ ಪಕ್ಕದ ಮನೆಯಿಂದ ಕೊಡ ತಂದೆವು. ಅವ್ವ ನನಗೇನೂ ಅನ್ನಲಿಲ್ಲ. ಫರ್ಸಿ ಮೇಲಿನ ಕಲೆ ಒಮ್ಮೆ ನೋಡಿದಳು ಅಷ್ಟೇ.

ಈ ಸಲ ಅಣ್ಣನ ಮಗ ಮೊದಲೇ ಬಂದು ಪೀಠಿಕೆ ಹಾಕಿದ. 'ಅತ್ತಿ, ಸಿಲ್ವರ್ ಹಚ್ಚಲಿಲ್ಲಂದ್ರ ದೋಸ್ತರು ನಗ್ತಾರ.' ನಾನಂದೆ, 'ಏನರ ಹಚ್ಕೊ ತಮ್ಮಾ, ನಾ ಬ್ಯಾಡ ಅನಲ್ಲ. ನಿನಗ ಒಂದೇ ಬಕೆಟ್ ನೀರು. ಅದರಾಗೇ ತೊಳ್ಕೊಬೇಕು. ನಾ ಕೈ ಹಚ್ಚಲ್ಲ.'

ಸುಮ್ನೆ ಹೋದ. ಭಾನುವಾರ ಸೈಕಲ್ ತಗೊಂಡು ಇಬ್ಬರು ದೋಸ್ತರ ಜೊತೆ ಹೊಲದ ಕಡೆ ಹೋಗಿ, ಸಿಮೆಂಟ್ ಚೀಲದ ಅರ್ಧದಷ್ಟು ಮುತ್ತಲ ಹೂ ತಂದಿದ್ದಾನೆ. ಮಾಳಿಗೆ ಮೇಲೆ ಅವ್ವನ ಹಳೆ ಸೀರೆ ಹಾಸಿ ಹರವಿದ್ದೇವೆ. ಇರುವೆ ಮುತ್ತಿವೆ. 'ಇದು ಸಿಲ್ವರ್‌ನಷ್ಟು ಹೊಳೀತದೇನು?' ಅಂತ ದಿನಕ್ಕೆ ಮೂರು ಸಲ ಕೇಳುತ್ತಾನೆ. ಹೊಳೆಯಲ್ಲ ಅಂತ ನಾನಿನ್ನೂ ಹೇಳಿಲ್ಲ.