ಲೇಬಲ್‌ನಲ್ಲಿ ಮೊಂರಾಶೆ ಅಂತಿದ್ದರೆ ಅದು ಮೊಂರಾಶೆ ವೈನೇ ಆಗಬೇಕಿಲ್ಲ

ವೈನ್ ಬಾಟಲಿಯ ಫೋಟೊ ಒಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಲೇಬಲ್ ಮೇಲೆ 'ಪುಲಿನಿ-ಮೊಂರಾಶೆ' ಎಂದಿದೆ, ಕೆಳಗೆ 'ಡೊಮೇನ್ ಲೆಫ್ಲೇವ್' ಎಂದು ತಯಾರಕರ ಹೆಸರು. ಜೊತೆಗಿನ ಬರಹ ಹೀಗಿದೆ: 'ಜಗತ್ತಿನ ಅತಿ ದುಬಾರಿ ಬಿಳಿ ವೈನ್ ಮೊಂರಾಶೆ ಇದೇ, ಆ ತೋಟ ಪೂರ್ತಿ ಲೆಫ್ಲೇವ್ ಮನೆತನದ್ದು.' ಎರಡೂ ತಪ್ಪು.

ಪುಲಿನಿ ಅನ್ನೋದು ಫ್ರಾನ್ಸಿನ ಬರ್ಗಂಡಿಯ ಒಂದು ಊರು. ತನ್ನ ಹೆಸರಾಂತ ದ್ರಾಕ್ಷಿ ತೋಟ ಮೊಂರಾಶೆಯ ಹೆಸರನ್ನು 1879ರಲ್ಲಿ ಊರಿನ ಹೆಸರಿಗೇ ಅಂಟಿಸಿಕೊಂಡಿತು. ಪಕ್ಕದ ಶಸಾನ್ಯ ಊರೂ ಸುಮ್ನೆ ಕೂರಲಿಲ್ಲ, ಅದೂ ಹಾಗೇ ಮಾಡಿತು. ಗೊಂದಲ ಅಲ್ಲಿಂದಲೇ ಶುರು. ಫೋಟೊದಲ್ಲಿರುವುದು ಊರಿನ ಹೆಸರಿನ ವೈನ್. ಒಳ್ಳೆಯದೇ, ಆದರೆ ಬೇರೆ. ತೋಟದ ವೈನಿನ ಲೇಬಲ್‌ನಲ್ಲಿ ಊರಿನ ಹೆಸರು ಸೇರಿಸದೆ ಬರೀ 'ಮೊಂರಾಶೆ', ಜೊತೆಗೆ 'ಗ್ರಾಂ ಕ್ರು' (ಬರ್ಗಂಡಿ ತೋಟಗಳ ಅತಿ ಮೇಲಿನ ದರ್ಜೆ) ಎಂದಿರುತ್ತದೆ.

ತೋಟ ಇರುವುದೇ ಸುಮಾರು 8 ಹೆಕ್ಟೇರ್, ಅಂದರೆ 20 ಎಕರೆ. ಹೆಚ್ಚೂಕಡಿಮೆ ಅರ್ಧ ಪುಲಿನಿಗೆ, ಅರ್ಧ ಶಸಾನ್ಯಕ್ಕೆ ಸೇರಿದೆ. ಬೆಳೆಯುವುದು ಶಾರ್ಡನೆ ದ್ರಾಕ್ಷಿ ಮಾತ್ರ. ಒಡೆಯರು ಹದಿನೈದಕ್ಕೂ ಜಾಸ್ತಿ. ದೊಡ್ಡ ಪಾಲು ಲಾಗೀಶ್ ಮನೆತನದ್ದು, 2 ಹೆಕ್ಟೇರ್ ಚಿಲ್ಲರೆ. ಅದರ ವೈನ್ ಮಾಡುವವರು ಜೋಸೆಫ್ ದ್ರುವಾ ಸಂಸ್ಥೆಯವರು.

ಲೆಫ್ಲೇವ್ ಅವರದ್ದು? 1991ರಲ್ಲಿ ಕೊಂಡ 0.08 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 8 ಗುಂಟೆ! ವರ್ಷಕ್ಕೆ ಒಂದು ಪೀಪಾಯಿಯಷ್ಟು ವೈನ್ ಬಂದರೆ ಹೆಚ್ಚು. ಬರ್ಗಂಡಿಯ ಪೀಪಾಯಿ 228 ಲೀಟರಿನದು, ಅಂದರೆ ಸುಮಾರು 300 ಬಾಟಲಿ.

ಅಂದಹಾಗೆ, Montrachet ಅನ್ನು ಓದುವುದು 'ಮಾಂಟ್ರಾಚೆಟ್' ಅಂತಲ್ಲ, 'ಮೊಂರಾಶೆ' ಅಂತ. ನಡುವಿನ ಟಿ, ಕೊನೆಯ ಟಿ ಎರಡನ್ನೂ ನುಂಗಿಬಿಡಬೇಕು.