ಹಳದಿ ಕಾರು, ಬೆಣ್ಣೆಯಿಲ್ಲದ ಸ್ಕೋನ್ ಮತ್ತು ಕರ್ಜನ್ ಸಾಹೇಬರ ಅಗ್ಗಿಷ್ಟಿಕೆ

ಕೊನೆಗೂ ಬೈಬರಿಯವರು ಬಸ್ಸುಗಳ ಮೇಲೆ ತಿರುಗಿಬಿದ್ದರು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಆ ಪುಟ್ಟ ಹಳ್ಳಿಯಲ್ಲಿ ಇರೋದೇ 600ರ ಆಸುಪಾಸು ಜನ. ಬೇಸಿಗೆಯ ಶನಿವಾರ, ಭಾನುವಾರ ಬಂದಿಳಿಯೋದು ಸಾವಿರಗಟ್ಟಲೆ. 2025ರಲ್ಲಿ ಕೌಂಟಿ ಕೌನ್ಸಿಲ್‌ನವರು ಊರ ನಡುವೆ ಟೂರಿಸ್ಟ್ ಬಸ್ಸು ನಿಲ್ಲೋದಕ್ಕೆ ಕಡಿವಾಣ ಹಾಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಊರಿನ ಫೋಟೋ ಜಗತ್ತಿನ ಅಷ್ಟೂ ಫೋನುಗಳಿಗೆ ಹೋಗಿ ಸೇರಿದ ಮೇಲೆ ಇವರಿಗೆ ಪಾರ್ಕಿಂಗ್ ನೆನಪಾಯಿತು.

ತಪ್ಪು ಅವರದ್ದಲ್ಲ ಬಿಡಿ. ಇದು ಇಂಗ್ಲೆಂಡಿನ ಅತಿ ಚೆಂದದ ಹಳ್ಳಿ ಅಂತ 19ನೇ ಶತಮಾನದಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹೇಳಿಬಿಟ್ಟ. ಹೇಳಿದವನು ಹೇಳಿ ಹೋದ. ಅನುಭವಿಸುತ್ತಾ ಇರೋರು ಇವರು. ಎಲ್ಲರೂ ನೋಡೋಕೆ ಬರೋದು ಆರ್ಲಿಂಗ್ಟನ್ ರೋ ಅನ್ನೋ ಒಂದು ಸಾಲುಮನೆಯನ್ನು. 1380ರ ಸುಮಾರಿಗೆ ಮಠದವರು ಉಣ್ಣೆ ತುಂಬಿಡೋಕೆ ಕಟ್ಟಿಸಿದ ಉಗ್ರಾಣ ಅದು. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಗಿಡ್ಡ ಬಾಗಿಲು, ಸಣ್ಣ ಕಿಟಕಿ, ಒಂದಕ್ಕೊಂದು ಅಂಟಿಕೊಂಡ ಗೋಡೆ. ನಮ್ಮ ಲೆಕ್ಕದಲ್ಲಿ ಬಡವರ ವಠಾರ. ಆದರೆ ವಠಾರವೂ ಸಾಕಷ್ಟು ಹಳೆಯದಾದರೆ ಮರ್ಯಾದೆ ಬಂದುಬಿಡುತ್ತೆ. ಬ್ರಿಟಿಷ್ ಪಾಸ್‌ಪೋರ್ಟಿನ ಒಳಹಾಳೆಗೂ ಒಮ್ಮೆ ಇದರ ಚಿತ್ರ ಏರಿತ್ತು.

ಇದೇ ಊರಿನ ಹಳದಿ ಕಾರಿನ ಕಥೆ ನಿಮಗೆ ಗೊತ್ತೇ ಇರುತ್ತೆ. ವಯಸ್ಸಾದ ಒಬ್ಬರು ತಮ್ಮ ಮನೆ ಹತ್ತಿರ ತಮ್ಮ ಕಾರು ನಿಲ್ಲಿಸುತ್ತಿದ್ದರು. ಅಪರಾಧ ಇಷ್ಟೇ. ಕಾರಿನ ಬಣ್ಣ ಹಳದಿ. ಜೇನುಬಣ್ಣದ ಕಲ್ಲು, ಹಸಿರು ಹುಲ್ಲು, ಪಕ್ಕದಲ್ಲಿ ಹರಿಯೋ ಹೊಳೆ, ಇದೆಲ್ಲದರ ಮೂಲೆಯಲ್ಲಿ ನಿಂಬೆಹಣ್ಣಿನಂಥ ಒಂದು ಕಾರು. ಫೋಟೋ ಹಾಳಾಗುತ್ತಲ್ವಾ? ಮೊದಲು ಇಂಟರ್‌ನೆಟ್ಟಿನಲ್ಲಿ ಬೈದಾಡಿದರು. 2017ರಲ್ಲಿ ಯಾರೋ ಪುಣ್ಯಾತ್ಮರು ಕಾರಿನ ಗಾಜು ಒಡೆದು, ಬಾನೆಟ್ಟಿನ ಮೇಲೆ ಜಾಗ ಖಾಲಿ ಮಾಡು ಅನ್ನೋ ಅರ್ಥದ ಮಾತು ಗೀಚಿ ಹೋದರು.

ಕಲಾಭಿಮಾನ ಅಂದರೆ ಹೀಗಿರಬೇಕು. ನಾನಂತೂ ಆ ಪುಣ್ಯಾತ್ಮರ ಪರ. ಇಷ್ಟಕ್ಕೇ ಯಾಕೆ ನಿಲ್ಲಿಸಿದರೋ ಅನ್ನೋದೊಂದೇ ಬೇಸರ. ಆ ಬೀದಿಯಲ್ಲಿ ಇರೋರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೇಕಾರರ ವೇಷದಲ್ಲೇ ಇರಬೇಕು ಅಂತ ಕಾನೂನು ಮಾಡಬೇಕಿತ್ತು. ಕಸದ ಡಬ್ಬಿಯನ್ನು ರಾತ್ರಿ ಹೊತ್ತು ಕದ್ದು ಹೊರಗೆ ತರಬೇಕು. ಆಂಬುಲೆನ್ಸ್ ಬರೋದಾದರೆ ಕುದುರೆ ಕಟ್ಟಿಕೊಂಡು ಬರಲಿ. ಜ್ವರ ಬಂದರೂ ಸ್ವಲ್ಪ ಹಳೇ ಕಾಲದ ಜ್ವರ ಬರೋದು ಒಳ್ಳೆಯದು.

ಇದಕ್ಕೆ ಇಂಗ್ಲಿಷರು ಕೊಟ್ಟ ಉತ್ತರ ಮಾತ್ರ ನನಗೆ ನಿಜವಾಗಿಯೂ ಹಿಡಿಸಿತು. ಆ ವರ್ಷ ಏಪ್ರಿಲ್‌ನಲ್ಲಿ ಎಲ್ಲೆಲ್ಲಿಂದಲೋ ಸುಮಾರು ನೂರು ಹಳದಿ ಕಾರುಗಳು ಸಾಲಾಗಿ ಊರೊಳಗೆ ಬಂದವು. ಧಿಕ್ಕಾರ ಇಲ್ಲ, ಕಲ್ಲು ತೂರಾಟ ಇಲ್ಲ. ಸುಮ್ನೆ ಹಳದಿ. ಅಂದು ಫೋಟೋ ತೆಗೆಯೋಕೆ ಅಂತಲೇ ಬಂದಿದ್ದವರ ಮುಖ ನೋಡಬೇಕಿತ್ತು.

ನಾನು ಬೈಬರಿ ನೋಡಿದ್ದು ಲಂಡನ್ನಿನಿಂದ ಹೊರಡೋ ಒಂದು ದಿನದ ಟೂರ್ ಬಸ್ಸಿನಲ್ಲಿ. ಆ ಕಂಪನಿಯ ಹೆಸರು ಬೇಡ, ಎಲ್ಲಾ ಕಂಪನಿಗಳೂ ಅದೇ ದಾರಿಯಲ್ಲಿ ಅದೇ ಜೋಕು ಹೇಳಿಕೊಂಡು ಹೋಗುತ್ತವೆ. ಊರಿಗೆ ಕೊಟ್ಟಿದ್ದು ಮುಕ್ಕಾಲು ಗಂಟೆ. ಅದರಲ್ಲಿ ಮುಕ್ಕಾಲು ಪಾಲು ಟಾಯ್ಲೆಟ್ ಕ್ಯೂಗೆ ಹೋಯಿತು. ಉಳಿದ ಹೊತ್ತಿನಲ್ಲಿ ನಮ್ಮ ಬಸ್ಸಿನ ದಾವಣಗೆರೆ ಕಡೆಯ ಒಬ್ಬ ಹೆಂಗಸು ಗಂಡನನ್ನು ಒಂದು ಮನೆಯ ಕಿಟಕಿ ಪಕ್ಕ ನಿಲ್ಲಿಸಿದರು. "ರೀ, ಇನ್ನೂ ಸ್ವಲ್ಪ ಒಳಗೆ ಹೋಗ್ರೀ, ಹೂವು ಕಾಣ್ಬೇಕು" ಅಂದರು. ಅವರು ಹೂವಿನ ಪಾತಿ ಬಿಟ್ಟು ಇನ್ನೂ ಒಳಗೆ ಹೋದರು. ಗಾಜಿನ ಆಚೆ ಮನೆಯಾತ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನಿಂತಿದ್ದ. ಚಾಕು ಕೈಯಲ್ಲೇ ಇತ್ತು. ನಮ್ಮನ್ನು ನೋಡಿದ. ಕೋಪ ಇಲ್ಲ, ಆಶ್ಚರ್ಯವೂ ಇಲ್ಲ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ನಿಧಾನವಾಗಿ ಕರ್ಟನ್ ಎಳೆದ. "ಛೆ, ಎಷ್ಟು ಚೆನ್ನಾಗಿ ಬರ್ತಿತ್ತು, ಇದೇ ಹೊತ್ತಿಗೆ ಎಳೀಬೇಕಾ" ಅಂತ ಆಕೆ ಬೇಜಾರು ಮಾಡಿಕೊಂಡರು.

ಅಲ್ಲಿಂದ ಬೋರ್ಟನ್-ಆನ್-ದ-ವಾಟರ್. ಇಲ್ಲಿ ನೋಡಲೇಬೇಕಾದದ್ದು ಊರಲ್ಲ, ಊರಿನ ಮಾಡೆಲ್. 1937ರಲ್ಲಿ ತೆರೆದ, ಒಂಬತ್ತನೇ ಒಂದು ಅಳತೆಯಲ್ಲಿ ಕಟ್ಟಿದ ಬೋರ್ಟನ್. ಅದೇ ಕಲ್ಲು, ಅದೇ ಚರ್ಚು, ಮೊಣಕಾಲೆತ್ತರದ ಅಂಗಡಿಗಳು, ಹರಿಯೋ ಪುಟಾಣಿ ಹೊಳೆ. ದಸರಾದಲ್ಲಿ ಬೊಂಬೆ ಕೂರಿಸಿದ ಹಾಗೆ ಇಡೀ ಊರನ್ನು ಕೂರಿಸಿದ್ದಾರೆ. ಊರಲ್ಲಿ ಮಾಡೆಲ್ ಊರು ಇದೆಯಲ್ಲ, ಹಾಗಾಗಿ ಮಾಡೆಲ್ ಊರಿನಲ್ಲೂ ಒಂದು ಮಾಡೆಲ್ ಊರು ಇರಲೇಬೇಕು. ಇದೆ. ಅದರೊಳಗೆ ಬಗ್ಗಿ ನೋಡಿದರೆ ಇನ್ನೊಂದು. ನಾನು ತುಂಬಾ ಹೊತ್ತು ಬಗ್ಗಿದ್ದೆ. ಸೊಂಟ ಹಿಡಿಯಿತು. ಆದರೂ ನನಗೆ ಅನಿಸಿದ್ದು, ಟೂರಿಸಂ ಸಮಸ್ಯೆಗೆ ಪರಿಹಾರ ಇಲ್ಲೇ ಬಿದ್ದಿದೆ. ಬಸ್ಸುಗಳನ್ನೂ ಒಂಬತ್ತನೇ ಒಂದು ಅಳತೆಗೆ ಇಳಿಸಿ. ಮಾಡೆಲ್ ಊರಿನಲ್ಲಿ ಯಾರೂ ಬ್ರೆಡ್ಡಿಗೆ ಬೆಣ್ಣೆ ಸವರೋದಿಲ್ಲ, ಹಳದಿ ಕಾರು ಇಟ್ಟುಕೊಳ್ಳೋದಿಲ್ಲ, ಕರ್ಟನ್ ಎಳೆಯೋದಂತೂ ಇಲ್ಲವೇ ಇಲ್ಲ.

ಡೆವನ್ನಿನ ಕ್ಲೋವೆಲಿಯವರು ಇನ್ನೂ ಬುದ್ಧಿವಂತರು. ಊರೊಳಗೆ ಕಾಲಿಡೋಕೇ ಟಿಕೆಟ್. ಊರು ಪೂರ್ತಿ ಒಂದು ಮನೆತನದ ಎಸ್ಟೇಟ್, ಕಲ್ಲುಹಾಸಿನ ಕಡಿದಾದ ಬೀದಿಯಲ್ಲಿ ಕಾರು ಹೋಗೋದಿಲ್ಲ, ಸಾಮಾನೆಲ್ಲ ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗಬೇಕು. ಕ್ಯಾಸಲ್ ಕೂಮ್‌ಗೆ ಹೋದರೆ ಕೋಟೆ ಎಲ್ಲಿ ಅಂತ ಕೇಳಬೇಡಿ, ಉಳಿದಿರೋದು ಮಣ್ಣಿನ ದಿಬ್ಬ. ಲೀಡ್ಸ್ ಕ್ಯಾಸಲ್ ನೋಡೋಕೆ ಲೀಡ್ಸ್‌ಗೆ ಹೋಗಬೇಡಿ, ಅದಿರೋದು ಕೆಂಟ್‌ನಲ್ಲಿ. ಅಲ್ಲಿ ನಾಯಿಗಳ ಕುತ್ತಿಗೆಪಟ್ಟಿಗೇ ಒಂದು ಮ್ಯೂಸಿಯಂ ಇದೆ. ಕಾರ್ಫ್ ಕೋಟೆಯನ್ನು 1646ರಲ್ಲಿ ತಮ್ಮದೇ ಪಾರ್ಲಿಮೆಂಟಿನ ಅಪ್ಪಣೆಯಂತೆ ಮದ್ದಿಟ್ಟು ಒಡೆದರು. ಈಗ ಆ ಒಡಕು ಗೋಡೆ ನೋಡೋಕೆ ದುಡ್ಡು ತಗೊಳ್ತಾರೆ. ನಾನೂ ಕೊಟ್ಟಿದ್ದೇನೆ. ಚೆನ್ನಾಗಿಯೇ ಇದೆ, ಸುಳ್ಳು ಯಾಕೆ.

ಆದರೆ ನಗು ಬರದ ವಿಷಯವೂ ಒಂದಿದೆ. ಈ ಚೆಂದದ ಹಳ್ಳಿಗಳಲ್ಲಿ ಸಂಜೆ ಬಸ್ಸು ಹೋದ ಮೇಲೆ ಓಡಾಡಿದರೆ ಎಷ್ಟೋ ಮನೆಗಳಲ್ಲಿ ದೀಪವೇ ಹತ್ತೋದಿಲ್ಲ. ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯೋ ಪುಟ್ಟ ಕೀಲಿಪೆಟ್ಟಿಗೆ. ಲಂಡನ್ನಿನವರ ಎರಡನೇ ಮನೆ, ಇಲ್ಲವೇ ರಜೆಗೆ ಬಾಡಿಗೆ ಕೊಡೋ ಮನೆ. 2025ರ ಏಪ್ರಿಲ್‌ನಿಂದ ಇಂಥ ಎರಡನೇ ಮನೆಗಳಿಗೆ ದುಪ್ಪಟ್ಟು ತೆರಿಗೆ ಹಾಕೋ ಅಧಿಕಾರ ಅಲ್ಲಿನ ಸ್ಥಳೀಯ ಕೌನ್ಸಿಲ್‌ಗಳಿಗೆ ಸಿಕ್ಕಿದೆ. ದುಡ್ಡಿದ್ದವರು ಕಟ್ಟುತ್ತಾರೆ, ಅಷ್ಟೇ. ನಮಗೆ ಟೀ ತಂದುಕೊಟ್ಟ ಹುಡುಗಿ ಆ ಊರಲ್ಲೇ ಹುಟ್ಟಿದವಳು. ಈಗ ಇರೋದು ದೂರದ ಟೌನಿನ ಬಾಡಿಗೆ ರೂಮಿನಲ್ಲಿ. ಇಷ್ಟು ಜನ ಇಷ್ಟು ದುಡ್ಡು ಕೊಟ್ಟು ನೋಡೋಕೆ ಬರೋ ಹಳ್ಳಿಯಲ್ಲಿ ಹಳ್ಳಿಯವರಿಗೇ ಮನೆ ಇಲ್ಲ. ಇದಕ್ಕೆ ಯಾರೂ ನೂರು ಕಾರು ಕಟ್ಟಿಕೊಂಡು ಬರಲಿಲ್ಲ. ಇದು ಫೋಟೋದಲ್ಲಿ ಕಾಣೋದಿಲ್ಲವಲ್ಲ.

ಇನ್ನು ಟೀ ಅಂದಮೇಲೆ ಅದರ ಜೊತೆ ತಿನ್ನೋ ಸ್ಕೋನ್ ಅನ್ನೋ ಬನ್ನಿನಂಥ ತಿಂಡಿಯ ವಿಷಯಕ್ಕೆ ಬರಲೇಬೇಕು. ಇಂಗ್ಲೆಂಡಿನ ಹಳೇ ಬಂಗಲೆ, ಕೋಟೆ, ತೋಟಗಳಲ್ಲಿ ದೊಡ್ಡ ಪಾಲು ನ್ಯಾಷನಲ್ ಟ್ರಸ್ಟ್ ಅನ್ನೋ ದತ್ತಿಸಂಸ್ಥೆಯ ಕೈಯಲ್ಲಿದೆ. ಬಂಗಲೆ ನೋಡಿದ ಮೇಲೆ ಅವರ ಟೀ ಅಂಗಡಿಯಲ್ಲಿ ಸ್ಕೋನ್ ತಿನ್ನೋದು ಪೂಜೆಯಾದ ಮೇಲೆ ಪ್ರಸಾದ ತಗೊಂಡಷ್ಟೇ ಕಡ್ಡಾಯ. ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್, ಮೇಲೆ ಕ್ರೀಮ್. ಪಕ್ಕದ ಡೆವನ್ನಿನಲ್ಲಿ ಮೊದಲು ಕ್ರೀಮ್, ಮೇಲೆ ಜಾಮ್. 2018ರಲ್ಲಿ ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ ಕ್ರೀಮ್ ಕೆಳಗೆ, ಜಾಮ್ ಮೇಲೆ ಇದ್ದ ಚಿತ್ರ ಹಾಕಿಬಿಟ್ಟರು. ಊರೆಲ್ಲ ರಂಪ. ಸದಸ್ಯತ್ವ ವಾಪಸ್ ಕೊಡ್ತೀವಿ ಅಂದವರೂ ಇದ್ದರು. ಟ್ರಸ್ಟ್‌ನವರು ಕ್ಷಮೆ ಕೇಳಿದರು. 2024ರಲ್ಲಿ ಇನ್ನೊಂದು ಗಲಾಟೆ. ಸ್ಕೋನಿಗೆ ಬೆಣ್ಣೆ ಹಾಕ್ತಿಲ್ಲ, ಸಸ್ಯದ ಕೊಬ್ಬು ಹಾಕ್ತಾರೆ, ದೇಶ ಹಾಳಾಯಿತು ಅಂತ ಪತ್ರಿಕೆಗಳು ಬರೆದವು. ಎಷ್ಟೋ ವರ್ಷದಿಂದ ಹಾಗೇ ಮಾಡ್ತಿದೀವಿ ಅಂದರು ಟ್ರಸ್ಟ್‌ನವರು. ಅಷ್ಟು ವರ್ಷ ತಿಂದವರಿಗೆ ನಾಲಿಗೆಗೆ ಗೊತ್ತಾಗಿರಲಿಲ್ಲ, ಪೇಪರ್ ಓದಿದ ಮೇಲೆ ಹೊಟ್ಟೆ ತೊಳೆಸಿತು.

ಇದೇ ಟ್ರಸ್ಟ್ 2020ರಲ್ಲಿ ಒಂದು ವರದಿ ತಂದಿತ್ತು. ತಮ್ಮ ಸುಪರ್ದಿನಲ್ಲಿರೋ 93 ಜಾಗಗಳಿಗೆ ಗುಲಾಮರ ವ್ಯಾಪಾರದ ಜೊತೆಗೋ ವಸಾಹತುಗಳ ಜೊತೆಗೋ ಏನೇನು ನಂಟಿತ್ತು ಅನ್ನೋ ಪಟ್ಟಿ. ಬಂಗಲೆ ಕೆಡವಿ ಅನ್ನಲಿಲ್ಲ. ಟಿಕೆಟ್ ದುಡ್ಡು ನಮಗೆ ಕೊಡಿ ಅನ್ನಲಿಲ್ಲ. ಈ ಮನೆಗೆ ದುಡ್ಡು ಹೀಗೂ ಬಂದಿತ್ತು ಅಂದಿತು, ಅಷ್ಟೇ. ಅದಕ್ಕೆ ಎಂಪಿಗಳು ಸಿಡಿದೆದ್ದರು. ಚರ್ಚಿಲ್ ಮನೆಯನ್ನೂ ಪಟ್ಟಿಗೆ ಸೇರಿಸ್ತೀರಾ ಅಂತ ಕೂಗಾಡಿದರು. ಭಾನುವಾರ ಆರಾಮಾಗಿ ಬಂಗಲೆ ನೋಡೋಕೆ ಹೋಗೋರಿಗೆ ಇದೆಲ್ಲ ಯಾಕೆ ಹೇಳಬೇಕು ಅನ್ನೋದು ದೂರು. ಗೋಡೆಗೆ ಯಾವ ಸುಣ್ಣ, ಮಂಚಕ್ಕೆ ಯಾವ ಮರ, ಪರದೆಗೆ ಯಾವ ರೇಷ್ಮೆ ಅಂತ ಪ್ರತಿ ಕೋಣೆಯಲ್ಲಿ ಅರ್ಧ ಗಂಟೆ ಕೇಳಿಸಿಕೊಳ್ಳುತ್ತೀರಿ. ರೇಷ್ಮೆ ಎಲ್ಲಿಂದ ಬಂತು ಅಂತ ಒಂದು ಸಾಲು ಓದಿದರೆ ಭಾನುವಾರ ಹಾಳಾಗುತ್ತದೆ. ನನಗೆ ಈ ವಿಷಯದಲ್ಲಿ ತಮಾಷೆ ಮಾಡೋ ಶಕ್ತಿ ಇಲ್ಲ. ಲೆಕ್ಕದ ಪುಸ್ತಕ ತೆರೆದದ್ದಕ್ಕೆ ಗುಮಾಸ್ತನನ್ನು ಬೈಯೋ ಸಾಹುಕಾರರನ್ನು ನೋಡಿ ನೋಡಿ ಸಾಕಾಗಿದೆ.

ಇರಲಿ, ಕರ್ಜನ್ ಸಾಹೇಬರ ಕಥೆ ಹೇಳಿ ಮುಗಿಸುತ್ತೇನೆ. ಹೌದು, ಅದೇ ಕರ್ಜನ್. 1899ರಿಂದ 1905ರವರೆಗೆ ನಮ್ಮ ವೈಸ್‌ರಾಯ್, ಬಂಗಾಳ ಒಡೆದವನು. ಹುಟ್ಟಿದ್ದು ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್ ಬಂಗಲೆಯಲ್ಲಿ. ಇದರಲ್ಲೂ ಒಂದು ಮಜಾ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ, ಅದೇ ವರ್ಷ ಕಲ್ಕತ್ತೆಯಲ್ಲಿ ತನಗೊಂದು ಅರಮನೆ ಕಟ್ಟಿಸೋಕೆ ಶುರುಮಾಡಿದ. ನಕ್ಷೆಗೆ ಮಾದರಿ ಕೆಡಲ್‌ಸ್ಟನ್. ನೂರು ವರ್ಷ ಆದಮೇಲೆ ಕರ್ಜನ್ ತನ್ನ ಮನೆಯಿಂದ ಹೊರಟು, ಸಮುದ್ರ ದಾಟಿ, ತನ್ನ ಮನೆಯ ನಕಲಿಗೇ ಬಂದಿಳಿದ. ಬೋರ್ಟನ್ನಿನವರು ಮೊಣಕಾಲೆತ್ತರಕ್ಕೆ ಮಾಡಿದ್ದನ್ನು ಇವರು ನಮ್ಮ ಖರ್ಚಿನಲ್ಲಿ ಆಳೆತ್ತರ ಮೀರಿ ಮಾಡಿದ್ದರು.

ಹಳೇ ಕಟ್ಟಡ ಅಂದರೆ ಈತನಿಗೆ ಪ್ರಾಣ, ಅದು ನಿಜ. ತಾಜ್ ಮಹಲ್ ರಿಪೇರಿ ಮಾಡಿಸಿದ, 1904ರಲ್ಲಿ ಸ್ಮಾರಕ ರಕ್ಷಣೆಗೆ ಕಾನೂನು ತಂದ. ಹಾಗಾಗಿ ಪೂರ್ತಿ ಬೈಯೋಕೂ ಆಗೋದಿಲ್ಲ. ಊರಿಗೆ ವಾಪಸಾದ ಮೇಲೆ ಲಿಂಕನ್‌ಶೈರಿನ ಟಾಟರ್‌ಶಾಲ್ ಕೋಟೆಯ ಸುದ್ದಿ ಕಿವಿಗೆ ಬಿತ್ತು. 15ನೇ ಶತಮಾನದ ಇಟ್ಟಿಗೆ ಕೋಟೆ ಅದು. ಕೊಂಡವರು ಒಳಗಿನ ಕಲ್ಲಿನ ಅಗ್ಗಿಷ್ಟಿಕೆಗಳನ್ನು ಕಿತ್ತು, ಪೆಟ್ಟಿಗೆಗೆ ತುಂಬಿ, ಅಮೆರಿಕಕ್ಕೆ ಸಾಗಿಸೋಕೆ ಹೊರಟಿದ್ದರು. ಕರ್ಜನ್‌ಗೆ ತಡೆದುಕೊಳ್ಳೋಕೆ ಆಗಲಿಲ್ಲ. ಒಂದು ದೇಶದ ಕೋಟೆಯಿಂದ ಕಿತ್ತ ಸಾಮಾನು ಕಡಲಾಚೆ ದುಡ್ಡಿರೋರ ಮನೆ ಸೇರೋದೇ? ಇಂಥ ಅನ್ಯಾಯ ಎಲ್ಲಾದರೂ ಉಂಟಾ? 1911ರಲ್ಲಿ ಕೋಟೆಯನ್ನೇ ಕೊಂಡ. ಹುಡುಕಿಸಿದ. ಲಂಡನ್ನಿನಲ್ಲಿ ಸಿಕ್ಕ ಅಗ್ಗಿಷ್ಟಿಕೆಗಳನ್ನು ವಾಪಸ್ ತರಿಸಿ ಇದ್ದ ಜಾಗದಲ್ಲೇ ಕೂರಿಸಿದ. 1913ರಲ್ಲಿ ಬ್ರಿಟನ್ನಿಗೆ ಗಟ್ಟಿಯಾದ ಸ್ಮಾರಕ ಕಾನೂನು ಬರೋದಕ್ಕೆ ಈ ಪ್ರಕರಣವೂ ಒಂದು ಕಾರಣ. ಕಿತ್ತದ್ದನ್ನು ಕಿತ್ತಲ್ಲೇ ಇಡಬೇಕು ಅನ್ನೋ ನ್ಯಾಯ ಅಲ್ಲಿ ಆಗಲೇ ತೀರ್ಮಾನವಾಗಿದೆ ಅಂತಾಯಿತು.

ಈಗ ವಿಂಡ್ಸರ್ ಕೋಟೆಗೆ ಹೋಗಿ. ಹೋಗೋಕೆ ಮೊದಲು ವೀಸಾ, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ಬೆರಳಚ್ಚು, ಖಂಡಿತ ವಾಪಸ್ ಬರ್ತೀನಿ ಅನ್ನೋದಕ್ಕೆ ಪುರಾವೆ. ಕೋಟೆಯ ಟಿಕೆಟ್ಟಿಗೆ 30 ಪೌಂಡಿಗಿಂತ ಜಾಸ್ತಿ. ಒಳಗೆ ಗಾಜಿನ ಆಚೆ ಒಂದು ಚಿನ್ನದ ಹುಲಿತಲೆ ಬಾಯಿ ತೆರೆದುಕೊಂಡಿದೆ. ಹಲ್ಲು ಸ್ಫಟಿಕದ್ದು. ಟಿಪ್ಪುವಿನ ಸಿಂಹಾಸನದ್ದು. 1799ರಲ್ಲಿ ಸಿಂಹಾಸನ ಒಡೆದು, ತುಂಡು ತುಂಡಾಗಿ ಹಂಚಿಕೊಂಡರು. ಸಿಂಹಾಸನದ ಮೇಲಿದ್ದ ಹುಮಾ ಹಕ್ಕಿಯ ಬೊಂಬೆಯೂ ಇಂಗ್ಲೆಂಡಿನ ರಾಜರ ಪಾಲಿಗೇ ಹೋಯಿತು. ಸಿಂಹಾಸನದ ಸುತ್ತ ಇದ್ದ ಸಣ್ಣ ಹುಲಿತಲೆಗಳು ಎಲ್ಲೆಲ್ಲೋ ಚದುರಿದವು.

ಅಂಥ ಒಂದು ಸಣ್ಣ ಹುಲಿತಲೆ ಮಾರಾಟಕ್ಕೆ ಬಂತು. 15 ಲಕ್ಷ ಪೌಂಡ್ ಬೆಲೆ. 2021ರ ನವೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಗಾಬರಿಯಾಗಿ ಅದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಯಾಕೆ? ಇಷ್ಟು ಅಮೂಲ್ಯವಾದ ವಸ್ತು ದೇಶ ಬಿಟ್ಟು ಹೊರಗೆ ಹೋಗೋ ಅಪಾಯ ಇದೆ ಅಂತ.

ಅಗ್ಗಿಷ್ಟಿಕೆ ಕೇಸಿನ ತೀರ್ಪು ತೋರಿಸಿ ಒಂದು ಅರ್ಜಿ ಹಾಕೋಣ ಅಂದುಕೊಂಡೆ. ಆದರೆ ಅಲ್ಲಿ ಈ ನ್ಯಾಯವನ್ನು ಅಷ್ಟು ಆವೇಶದಿಂದ ನಂಬಿದ್ದ ಗಿರಾಕಿ ಒಬ್ಬನೇ. ಅವನು 1925ರಲ್ಲೇ ತೀರಿಕೊಂಡ. ಟಾಟರ್‌ಶಾಲ್ ಕೋಟೆಯನ್ನು ಉಯಿಲಿನಲ್ಲಿ ಬರೆದುಕೊಟ್ಟದ್ದು ನ್ಯಾಷನಲ್ ಟ್ರಸ್ಟ್‌ಗೆ. ಅವರು ಈಗ ಸ್ಕೋನಿನ ವಿಚಾರಣೆಯಲ್ಲಿ ಬಿಜಿ.