ಸಮೋವಾ ಕುಣಿತದ ಹಿರಿಯರು ಹೋದಾಗ ಹಾರದ ಜೊತೆ ಅವರ ತಿದ್ದುಪಡಿಗಳನ್ನೂ ಬರೆಯಿರಿ

ಪೆಸಿಫಿಕ್ ಸಾಗರದ ದ್ವೀಪನಾಡು ಸಮೋವಾದ ಕುಣಿತ ಕಲಿಸಿದ ಹಿರಿಯರೊಬ್ಬರು ತೀರಿಕೊಂಡರೆ ಅದರ ರಾಜಧಾನಿ ಆಪಿಯಾದಿಂದ ಆಕ್ಲೆಂಡ್, ಹೊನೊಲುಲುವರೆಗೂ ಶ್ರದ್ಧಾಂಜಲಿ ಪೋಸ್ಟುಗಳು ತುಂಬುತ್ತವೆ. ಒಂದು ಫೋಟೊ, ಹೂವು, ‘ದೊಡ್ಡ ಜೀವ’ ಅನ್ನುವ ಎರಡು ಸಾಲು. ಪ್ರೀತಿಯಿಂದ ಬರೆದದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಆ ಹಿರಿಯರು ಏನು ಕಲಿಸಿದರು, ಯಾವ ಊರಿನ ಪದ್ಧತಿ ಉಳಿಸಿದರು, ಶಿಷ್ಯರಲ್ಲಿ ಯಾವ ತಪ್ಪು ಕಂಡರೆ ಸುಮ್ಮನಿರುತ್ತಿರಲಿಲ್ಲ ಅನ್ನುವುದು ಅಲ್ಲಿರುವುದಿಲ್ಲ. ಕುಣಿತದ ಗುರುವಿನ ಬದುಕೆಲ್ಲ ಇರುವುದು ಅವರು ತಿದ್ದಿದ ಕೈಕಾಲುಗಳಲ್ಲಿ. ಅದನ್ನು ಬಿಟ್ಟು ಬರೆದ ಶ್ರದ್ಧಾಂಜಲಿ ಯಾರಿಗೆ ಬೇಕಾದರೂ ಹೊಂದುತ್ತದೆ ಅನ್ನುವುದೇ ನನ್ನ ತಕರಾರು.

‘ತಾವಲುಂಗ’ವನ್ನೇ ನೋಡಿ. ಸಮಾರಂಭದ ಕೊನೆಗೆ ಬರುವ ಮುಖ್ಯ ಕುಣಿತ ಇದು. ಹಿಂದಿನಿಂದಲೂ ಇದು ಊರಿನ ಮುಖ್ಯಸ್ಥನ ಮಗಳದ್ದು ಅಥವಾ ಮಗನದ್ದು. ಹೆಣ್ಣುಮಗಳು ಕುಣಿಯುವಾಗ ಎರಡೂ ಮೊಣಕಾಲು ಹತ್ತಿರವಿಟ್ಟು, ತುಸು ಬಾಗಿಸಿ, ಪಾದ ಎತ್ತಿ ಇಡದೆ ಹಿಮ್ಮಡಿ, ಮುಂಗಾಲುಗಳನ್ನು ಹೊರಳಿಸುತ್ತ ನೆಲದ ಮೇಲೆ ಜಾರುತ್ತಾಳೆ. ಸೊಂಟ ಸುಮ್ಮನಿರಬೇಕು. ಮಣಿಕಟ್ಟು ಮೊದಲು ತಿರುಗಿ, ಕೂಡಿಸಿದ ಬೆರಳುಗಳು ಅದರ ಹಿಂದೆ ಬರಬೇಕು. ಗದ್ದ ಮಟ್ಟಸವಾಗಿ, ಮುಖದಲ್ಲಿ ನಗು.

ಕೆಡುವುದು ಎರಡು ಕಡೆ. ಕುಣಿಯುತ್ತ ಹೋದಂತೆ ತೊಡೆ ಸೋತು ಮೊಣಕಾಲು ನೆಟ್ಟಗಾಗುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಕುಪ್ಪಳಿಸಿ, ಜಾರುವ ನಡಿಗೆಯೇ ಮಾಯ. ಇನ್ನೊಂದು, ತಹೀತಿಯ ಕುಣಿತ ನೋಡಿ ಬಂದವರು ಸೊಂಟ ತಿರುಗಿಸಲು ಶುರು ಮಾಡುವುದು. ಇವೆರಡೂ ವಿಡಿಯೋ ನೋಡಿ ಕಲಿತವರಲ್ಲಿ ಹೆಚ್ಚು, ಯಾಕೆಂದರೆ ಪರದೆ ಮೊಣಕಾಲು ಮುಟ್ಟಿ ‘ಇಳಿಸು’ ಅನ್ನುವುದಿಲ್ಲ.

ಕುಣಿಯುವವರ ತಲೆಗೆ ಕಟ್ಟುವ ಕಿರೀಟದಂಥ ‘ತುಯಿಂಗ’ದ ವಿಷಯ ಇನ್ನೂ ಸೂಕ್ಷ್ಮ. ಬಣ್ಣ ತಿಳಿಯಾಗಿಸಿದ ಮನುಷ್ಯರ ಕೂದಲು, ಹಣೆಗೆ ಕಟ್ಟುವ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನ ಪಟ್ಟಿ, ಮೇಲಕ್ಕೆ ನಿಲ್ಲುವ ಕಡ್ಡಿಗಳ ಚೌಕಟ್ಟು, ಕೆಂಪು ಗರಿ. ಮೊದಲೆಲ್ಲ ಇವನ್ನು ಒಂದೊಂದಾಗಿ ತಲೆಯ ಮೇಲೆಯೇ ಕಟ್ಟುತ್ತಿದ್ದರು. ಕೂದಲು ಬಿಗಿಯಾಗದಿದ್ದರೆ ಚೌಕಟ್ಟು ವಾಲುತ್ತದೆ, ಬಿಗಿ ಹೆಚ್ಚಾದರೆ ಹಣೆ ಸಿಡಿಯುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕಟ್ಟುವವರ ಬೆರಳಿಗೆ ಗೊತ್ತಿರಬೇಕು. ಈಗ ಟೋಪಿಯಂತೆ ಒಂದೇ ಸಲ ತೊಡುವ ತುಯಿಂಗಗಳು ಬಂದಿವೆ. ಅನುಕೂಲ ನಿಜ. ಕಟ್ಟುವ ಕೈಗಳು ಮಾತ್ರ ಕಮ್ಮಿಯಾಗುತ್ತಿವೆ. ಅದನ್ನು ಧರಿಸುವ ಹಕ್ಕು ಯಾವ ಮನೆತನಕ್ಕೆ, ಯಾವ ಪದವಿಗೆ (ಮನೆತನದ ಮುಖ್ಯಸ್ಥರಿಗೆ ಬರುವ ಬಿರುದಿನ ಹೆಸರು) ಸೇರಿದ್ದು ಅನ್ನುವುದನ್ನೂ ಹಿರಿಯರೇ ಹೇಳಬೇಕಿತ್ತು.

ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ನಡುವೆ ಕುಣಿಯುವವಳಲ್ಲ, ಅವಳ ಸುತ್ತ ಇರುವವರು. ಅವಳು ಗಂಭೀರವಾಗಿ ಕುಣಿಯುತ್ತಿದ್ದರೆ ಬಂಧುಗಳು, ವಯಸ್ಸಾದವರು ಕೂಡ, ಅಂಚಿನಲ್ಲಿ ಕೂಗುತ್ತಾರೆ, ಹಾರುತ್ತಾರೆ, ನೆಲಕ್ಕೆ ಬೀಳುತ್ತಾರೆ. ತಾವು ಒರಟಾಗಿ, ತಗ್ಗಿ ಕಂಡು ಅವಳನ್ನು ಎತ್ತಿ ತೋರಿಸುವ ಕ್ರಮ ಇದು. ಸಮೋವಾದಲ್ಲಿ ಗೌರವ ಸಲ್ಲಿಸುವುದು ಹೀಗೆ. ಹೊಸ ವಿಡಿಯೋಗಳಲ್ಲಿ ಕ್ಯಾಮೆರಾ ಹುಡುಗಿಯ ಮುಖಕ್ಕೇ ಅಂಟಿಕೊಂಡು ಅಂಚಿನ ಅಜ್ಜ ಅಜ್ಜಿಯರೆಲ್ಲ ಚೌಕಟ್ಟಿನಾಚೆ ಹೋಗುತ್ತಾರೆ. ಅವರು ತೀರಿಕೊಂಡ ಮೇಲೆ ಅವರು ಕುಣಿದ ಒಂದು ತುಣುಕೂ ಸಿಗುವುದಿಲ್ಲ.

ಬಾಯಿಂದ ಬಾಯಿಗೆ ಬಂದ ವಿದ್ಯೆ ಎಷ್ಟು ಬೇಗ ಕಡಿಯಬಹುದು ಅನ್ನುವುದು ಆ ದ್ವೀಪಗಳಿಗೆ ಚೆನ್ನಾಗಿ ಗೊತ್ತು. 1830ರಲ್ಲಿ ಲಂಡನ್ ಮಿಷನರಿಗಳು ಬಂದ ಮೇಲೆ ರಾತ್ರಿ ಕುಣಿತಗಳಿಗೆ ವಿರೋಧ ಬೆಳೆಯಿತು. 1918ರ ನವೆಂಬರ್ 7ರಂದು ‘ಟಾಲೂನ್’ ಹಡಗು ಆಪಿಯಾಕ್ಕೆ ಇನ್‌ಫ್ಲುಯೆಂಜಾ ತಂದಿತು. ಆಗ ಅಲ್ಲಿದ್ದ ನ್ಯೂಜಿಲೆಂಡ್ ಆಡಳಿತ ಹಡಗನ್ನು ತಡೆಯಲಿಲ್ಲ. ಸುಮಾರು 8,500 ಜನ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು, ಸತ್ತರು. ಅಮೆರಿಕದ ಕೈಯಲ್ಲಿದ್ದ ಪಕ್ಕದ ಅಮೆರಿಕನ್ ಸಮೋವಾ ಹಡಗುಗಳನ್ನು ದೂರವಿಟ್ಟದ್ದರಿಂದ ಅಲ್ಲಿ ಒಂದು ಸಾವೂ ಆಗಲಿಲ್ಲ. 2002ರಲ್ಲಿ ನ್ಯೂಜಿಲೆಂಡ್ ಕ್ಷಮೆ ಕೇಳಿತು. ಸತ್ತವರ ಜೊತೆ ಹೋದ ಹಾಡುಗಳು, ವಂಶಾವಳಿಗಳು ಯಾವ ಕ್ಷಮೆಗೂ ಮರಳುವುದಿಲ್ಲ.

ಹಿರಿಯರನ್ನು ನಿಖರವಾಗಿ ನೆನೆಯುವುದಕ್ಕೆ ಕತ್ತಿ ಕುಣಿತಕ್ಕೆ ಬೆಂಕಿ ತಂದ ಲೆತುಲಿ ಒಳ್ಳೆಯ ಉದಾಹರಣೆ. ಬೆಂಕಿಯ ಕತ್ತಿ ತಿರುಗಿಸುವುದು ಅನಾದಿ ಕಾಲದ್ದು ಎಂದು ಪ್ರವಾಸಿಗರು ನಂಬುತ್ತಾರೆ. ಕೊಕ್ಕೆಯಿರುವ ಯುದ್ಧದ ಕತ್ತಿ ತಿರುಗಿಸುವುದು ಹಳೆಯದು, ಬೆಂಕಿ ಹೊಸದು. ಅಮೆರಿಕನ್ ಸಮೋವಾದ ನುಉಉಲಿಯವರಾದ ಫ್ರೆಡ್ಡಿ ಲೆತುಲಿ 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಂಕಿ ನುಂಗುವ ಹಿಂದೂ ಕಲಾವಿದನೊಬ್ಬನನ್ನೂ ದೀಪ ಹಚ್ಚಿದ ಕೋಲು ತಿರುಗಿಸುವ ಹುಡುಗಿಯನ್ನೂ ನೋಡಿ, ಆ ಕಲಾವಿದನಿಂದಲೇ ಇಂಧನ ಪಡೆದು, ಕತ್ತಿಗೆ ಟವೆಲ್ ಸುತ್ತಿ ಹಚ್ಚಿದರು. ಇದು ಅವರೇ ಹೇಳಿಕೊಂಡು ಬಂದ ಕಥೆ. ಆ ಹಿಂದೂ ಕಲಾವಿದನ ಹೆಸರು ಕಥೆಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ, ಅದು ನನಗೆ ಈಗಲೂ ಬೇಸರದ ವಿಷಯ. ಲೆತುಲಿ 2003ರಲ್ಲಿ ತೀರಿಕೊಂಡರು. ಹವಾಯಿಯ ಲಾಯಿಯೆಯಲ್ಲಿ 1993ರಿಂದ ಈ ಕಲೆಯ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ‘ಪ್ರಾಚೀನ ಬೆಂಕಿ ನೃತ್ಯ’ ಎಂದು ಬರೆದರೆ ಅವರನ್ನು ಹೊಗಳಿದಂತಲ್ಲ, ಅಳಿಸಿದಂತೆ. ಕಲಿಯುವವರಿಗೂ ಕೆಲಸದ ಮಾತು ಬೇಕು: ಮೊದಲು ಬೆಂಕಿಯಿಲ್ಲದೆ ಅಭ್ಯಾಸ, ಸುತ್ತಿದ ಬಟ್ಟೆ ಸಡಿಲವಿರಬಾರದು, ಅದ್ದಿದ ಮೇಲೆ ಹೆಚ್ಚಿನ ಇಂಧನ ಝಾಡಿಸಿ ಆಮೇಲೆ ಹಚ್ಚಬೇಕು. ಝಾಡಿಸದಿದ್ದರೆ ಮೊದಲ ಸುತ್ತಿಗೇ ಉರಿಯುವ ಹನಿಗಳು ತೋಳಿಗೆ, ಮುಂದಿನ ಸಾಲಿಗೆ ಹಾರುತ್ತವೆ.

ಹೆಸರಿಟ್ಟು ಕರೆಯುವ ಶಿಸ್ತು ಸಮೋವಾಕ್ಕೆ ಹೊಸದಲ್ಲ. ಪ್ರತಿ ಹಳ್ಳಿಗೂ ಅದರ ಪದವಿಗಳನ್ನು ಕ್ರಮವಾಗಿ ವಂದಿಸುವ ‘ಫಾಲುಪೆಂಗ’ ಎಂಬ ಮಾತುಗಳ ಸಾಲು ಇದೆ. ಮಾತಾಡುವವನು ಒಂದು ಪದವಿ ಬಿಟ್ಟರೆ ಅದು ಅವಮಾನ. ‘ಆವಾ’ ಪಾನೀಯ ಹಂಚುವಾಗಲೂ ಸ್ಥಾನಕ್ಕೆ ತಕ್ಕಂತೆ ಹೆಸರು ಕೂಗಿ ಬಟ್ಟಲು ಕೊಡುತ್ತಾರೆ. ಅದರ ಬೇರು ನಮ್ಮ ಕರಿಮೆಣಸು, ವೀಳ್ಯದೆಲೆಯ ಕುಲದ ಗಿಡದ್ದೇ. ಸಾವಿನ ಮನೆಗೆ ಒಯ್ಯುವ ‘ಇಯೆ ತೋಂಗ’ ಚಾಪೆಯನ್ನು ಎಲ್ಲರೆದುರು ಬಿಚ್ಚಿ ತೋರಿಸುತ್ತಾರೆ. ಕೇದಗೆ ಜಾತಿಯ ಎಲೆಯನ್ನು ನೂಲಿನಷ್ಟು ತೆಳ್ಳಗೆ ಸೀಳಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೇಯ್ದದ್ದು ಅದು. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ತೀರಿಕೊಂಡವರ ಸಮಾಧಿ ಎಷ್ಟೋ ಕಡೆ ಮನೆಯ ಮುಂದೆಯೇ ಇರುತ್ತದೆ. ಪದವಿಯ ಹೆಸರು ಮುಂದಿನವರಿಗೆ ಹೋಗುತ್ತದೆ. ಇಷ್ಟು ಪಕ್ಕಾ ಲೆಕ್ಕವಿಡುವ ಜನರ ಗುರುಗಳಿಗೆ ಊರಿನ ಹೆಸರೂ ಇಲ್ಲದ ಶ್ರದ್ಧಾಂಜಲಿ ಒಪ್ಪುವುದಿಲ್ಲ.

ಆಕ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದೆಲ್ಲ ಕಣ್ಣೆದುರೇ ಸಿಗುತ್ತದೆ. 1976ರಲ್ಲಿ ಓಟಾರಾದ ಶಾಲೆಯೊಂದರಲ್ಲಿ ಶುರುವಾದ, ಶಾಲಾಮಕ್ಕಳು ಕುಣಿಯುವ ಉತ್ಸವ ಪಾಲಿಫೆಸ್ಟ್‌ನಲ್ಲಿ ಸಮೋವಾದ ಮಕ್ಕಳಿಗೆ ಅವರದೇ ವೇದಿಕೆ ಇದೆ, ಭಾರತೀಯ ಕುಣಿತಕ್ಕೂ ಅಲ್ಲಿ ಜಾಗವಿದೆ. ಹೋದರೆ ಸಾಲಾಗಿ ಕೂತು ಮಾಡುವ ‘ಸಾಸಾ’ದಲ್ಲಿ ತಾಳ ಕೊಡುವವರನ್ನೂ ಗಮನಿಸಿ. ಸುತ್ತಿದ ಚಾಪೆಯನ್ನು ಕೋಲಿನಿಂದ ಬಡಿಯುವ ಆ ಸದ್ದು ತಪ್ಪಿದರೆ ಇಡೀ ಸಾಲೇ ತಪ್ಪುತ್ತದೆ.

ಇನ್ನೂ ನಮ್ಮೊಂದಿಗಿರುವ ಹಿರಿಯರನ್ನು ದಾಖಲಿಸುವವರು ಅನುಮತಿ ಕೇಳಿ ಎರಡು ಕ್ಯಾಮೆರಾ ಇಡಿ. ಒಂದು ಅಂಚುಗಳೆಲ್ಲ ಕಾಣುವಷ್ಟು ದೂರದಲ್ಲಿ, ಇನ್ನೊಂದು ಮೊಣಕಾಲಿನ ಎತ್ತರದಲ್ಲಿ. ಪ್ರದರ್ಶನಕ್ಕಿಂತ ಅಭ್ಯಾಸವನ್ನೇ ಹೆಚ್ಚು ಚಿತ್ರಿಸಿ, ತಿದ್ದುವುದು ಕೇಳಿಸುವುದು ಅಲ್ಲೇ. ಫೈಲಿನ ಹೆಸರಲ್ಲೇ ಪದವಿಸಹಿತ ಹೆಸರು, ಹಳ್ಳಿ, ತಾರೀಖು, ಹಾಡು ಕಟ್ಟಿದವರು, ಅವರಿಗೆ ಕಲಿಸಿದವರು ಯಾರು ಎಂದು ಬರೆಯಿರಿ. ಒಂದು ಪ್ರತಿ ಆ ಕುಟುಂಬಕ್ಕೇ ಕೊಡಿ.